ಗಾರ್ಡ್ ಮಾಮಾ ಕಾಯ್ದ ಜಾಗ

ಊರು ತೋರಿಸುವ ಗೈಡ್ ಎಂದರೆ ಎಲ್ಲರಿಗಿಂತ ಮುಂದೆ ಇರಬೇಕು ತಾನೆ? ಗಾರ್ಡ್ ಮಾಮಾ ಎಲ್ಲರಿಗಿಂತ ಹಿಂದೆ ಇರುತ್ತಿದ್ದರು. ಮರೀನಾ ಬೀಚಿನ ಅಗಲವಾದ ಕಾಲುದಾರಿಯ ಮೇಲೆ ನಿಂತು ಓಡಿಸುವ ನಮ್ಮ ಸೆಗ್‌ವೇಗಳ ಸಾಲು ಹೊರಟರೆ ಕಟ್ಟಕಡೆಯಲ್ಲಿ ಅವರು: ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಬಿಳಿ ಅಂಗಿ, ಹಣೆಯಲ್ಲಿ ತೆಳ್ಳಗೆ ಎಳೆದ ಕೆಂಪು ನಾಮ, ಅದರ ಮೇಲೆ ಹಳದಿ ಹೆಲ್ಮೆಟ್ಟು. ಅಲ್ಲಿಂದಲೇ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. "ಬಲಗಡೆ ಐಸ್ ಹೌಸ್ ಮಾ! ಆ ಕಾಲದಲ್ಲಿ ಹಡಗಲ್ಲಿ ಐಸ್ ತಂದು ಇಲ್ಲಿಡ್ತಿದ್ರು. ಈಗ ನಾವೇ ಕರಗ್ತಾ ಇದೀವಿ. ಪಾತ್ತು, ನೋಡ್ಕೊಂಡು, ಮುಂದೆ ನಾಯಿ!"

ಹೆಸರು ವರದರಾಜನ್. ಮನೆಮಾತು ಮೈಸೂರು ಕಡೆಯ ಕನ್ನಡ, ಬಾಯಲ್ಲಿ ಅರ್ಧ ತಮಿಳು. ಜೀವಮಾನವೆಲ್ಲ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ತೋರಿಸಿ ತೋರಿಸಿ, ನಿವೃತ್ತಿಯಾದ ಮೇಲೂ ಅವರಿಗೆ ಮುಂದೆ ನಿಲ್ಲುವುದು ಒಗ್ಗಲಿಲ್ಲ. "ಮುಂದೆ ಹೋಗೋನಿಗೆ ದಾರಿ ಮಾತ್ರ ಕಾಣುತ್ತೆ ಮಾ, ಹಿಂದಿರೋನಿಗೆ ಜನ ಕಾಣ್ತಾರೆ" ಎನ್ನುತ್ತಿದ್ದರು. ಬಾವುಟ ಹೋಗಿ ಕರ್ಚೀಫ್ ಬಂದಿತ್ತು, ಅಷ್ಟೇ. ಅದೂ ಹಸಿರೇ. ಅದನ್ನು ಎತ್ತಿ ಅಲ್ಲಾಡಿಸಿ "ರೈಟ್!" ಅಂದರೇ ನಮ್ಮ ಸವಾರಿ ಹೊರಡಬೇಕು.

ನನಗೆ ಅವರ ಪರಿಚಯವಾದದ್ದು ನೆಂಟರ ಕಾಟದಿಂದ. ಮದ್ರಾಸಿನ ಗಿಂಡಿಯಲ್ಲಿ ಮನೆ, ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಎಂದು ಗೊತ್ತಾದರೆ ಸಾಕು, ರಜೆ ಬಂತೆಂದರೆ ಯಾರಾದರೂ ಪೆಟ್ಟಿಗೆ ಹಿಡಿದು ಬಂದೇ ಬರುತ್ತಾರೆ. ಸೀರೆ ಅಂಗಡಿ, ದೇವಸ್ಥಾನ, ಬೀಚು. ಈ ಮೂರನ್ನು ತೋರಿಸಿ ತೋರಿಸಿ ನನ್ನ ಜೀವ ರೋಸಿಹೋಗಿತ್ತು. ಆಗ ಸಿಕ್ಕಿದ್ದು ಈ ಎರಡು ಗಾಲಿಯ ವಾಹನ. ಹಲಗೆಯ ಮೇಲೆ ನಿಂತು ಕೋಲು ಹಿಡಿದರಾಯಿತು. ಮುಂದೆ ಬಾಗಿದರೆ ಹೋಗುತ್ತದೆ, ಹಿಂದೆ ವಾಲಿದರೆ ನಿಲ್ಲುತ್ತದೆ. ನನ್ನ ಮಂಡಿ ನೋವಿಗೂ ಸರಿಹೋಯಿತು. ನೆಂಟರನ್ನು ಗಾರ್ಡ್ ಮಾಮನ ಸುಪರ್ದಿಗೆ ಒಪ್ಪಿಸಿ, ನಾನೂ ಒಂದು ಸೆಗ್‌ವೇ ಹತ್ತಿಬಿಡುತ್ತಿದ್ದೆ.

"ಕಣ್ಣು ಎಲ್ಲಿ ಹೋಗುತ್ತೋ ಗಾಡಿ ಅಲ್ಲಿಗೆ ಹೋಗುತ್ತೆ. ಸಮುದ್ರ ನೋಡ್ತಾ ನಿಂತ್ರೆ ಸಮುದ್ರಕ್ಕೆ. ಹಿಂದೆ ತಿರುಗಿ ನೋಡಿದ್ರೆ ಕೆಳಕ್ಕೆ" ಎಂದು ಮೊದಲ ದಿನವೇ ಪಾಠ ಮಾಡಿದ್ದರು.

ಆ ಮೊದಲ ದಿನವೇ ಆ ಜಾಗವನ್ನು ಕಂಡೆ. ಕಾರ್ಮಿಕರ ಪ್ರತಿಮೆಯಿಂದ ಹೊರಟು ಲೈಟ್‌ಹೌಸಿನ ಕಡೆಗೆ ಹೋಗುತ್ತಿದ್ದೆವು. ಸುಮಾರು ಅರ್ಧ ದಾರಿಯಲ್ಲಿ, ಬಾಲದಲ್ಲಿದ್ದ ಮನುಷ್ಯ ಸರ್ರನೆ ನಮ್ಮನ್ನೆಲ್ಲ ದಾಟಿ ಮುಂದೆ ಹೋದರು. ಸಮುದ್ರದ ಕಡೆಯ ಮೆಟ್ಟಿಲ ಹತ್ತಿರ ಇಳಿದು ನಿಂತು, ಕೈ ಚಾಚಿ, ಹಸಿರು ಕರ್ಚೀಫ್ ಅಲ್ಲಾಡಿಸುತ್ತಾ ನಮ್ಮನ್ನು ಬಲಕ್ಕೆ ತಿರುಗಿಸಿದರು. ನಾವು ಒಬ್ಬರ ಹಿಂದೆ ಒಬ್ಬರು ಅರ್ಧ ಸುತ್ತು ಹಾಕಿ ಮತ್ತೆ ದಾರಿಗೆ ಬಂದೆವು. ಏನನ್ನು ಸುತ್ತಿದೆವು? ಏನೂ ಇರಲಿಲ್ಲ. ಗುಂಡಿಯಿಲ್ಲ, ಕಲ್ಲಿಲ್ಲ, ಮಲಗಿದ ನಾಯಿಯೂ ಇಲ್ಲ. ಒಬ್ಬರು ಕಾಲು ಚಾಚಿ ಕೂರುವಷ್ಟು ಬರೀ ನೆಲ. ಸುತ್ತಲೂ ಗಾಳಿಗೆ ಹಾರಿಬಂದ ಮರಳು ಹರಡಿತ್ತು. ಅಷ್ಟು ಜಾಗದಲ್ಲಿ ಮಾತ್ರ ಒಂದು ಕಾಳೂ ಇರಲಿಲ್ಲ.

"ಅಲ್ಲೇನಿದೆ ಮಾಮಾ?" ಎಂದು ಕೇಳಿದೆ.

"ಜಾಗ ಹಿಡಿದಿಟ್ಟಿದೀನಿ ಮಾ" ಎಂದರು, ರೈಲಿನ ಸೀಟಿನ ಮೇಲೆ ಟವೆಲ್ ಹಾಸಿದವರು ಹೇಳುವ ಹಾಗೆ. ನಾನು ನಕ್ಕೆ. ಅವರು ನಗಲಿಲ್ಲ.

ಆಮೇಲೆ ಹೋದಾಗಲೆಲ್ಲ ಅದೇ. ಅದೇ ಜಾಗ, ಅದೇ ಸುತ್ತು. ಕೊನೆಯ ಸೆಗ್‌ವೇ ದಾಟಿದ ಮೇಲೆ ಅವರು ಆ ಖಾಲಿ ನೆಲವನ್ನು ಒಮ್ಮೆ ನೋಡಿ, ಉಸಿರು ಬಿಟ್ಟು, "ಸರಿ, ಖಾಲಿ ಇದೆ" ಎಂದುಕೊಂಡು ಹತ್ತುತ್ತಿದ್ದರು. ಖಾಲಿ ಇದ್ದರೆ ಇವರಿಗೇನು ಸಮಾಧಾನವೋ ಎಂದು ನನಗೆ ಬಗೆಹರಿಯಲಿಲ್ಲ.

ಒಂದು ಸಲ ತಿರುಚ್ಚಿಯವನೊಬ್ಬ ನಮ್ಮ ಜೊತೆ ಬಂದಿದ್ದ. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಜಂಬ. ಮಾಮಾ ಎಷ್ಟು ಕರ್ಚೀಫ್ ಬೀಸಿದರೂ ಕೇಳದೆ ನೆಟ್ಟಗೆ ಆ ಜಾಗಕ್ಕೇ ನುಗ್ಗಿದ. ಅಂಚಿಗೆ ಬಂದವನು ಗಕ್ಕನೆ ಹಿಂದೆ ವಾಲಿ, ಆಯ ತಪ್ಪಿ, ದೊಪ್ಪನೆ ಬಿದ್ದ. ನಾವೆಲ್ಲ ಓಡಿದೆವು. ಅವನು ಎದ್ದು ಮರಳು ಕೊಡವಿಕೊಳ್ಳುತ್ತಾ ಮಾಮನ ಮೇಲೇ ರೇಗಿದ. "ಯಾರು ಸಾರ್ ಆ ಅಮ್ಮಾ? ದಾರಿ ಮಧ್ಯೆ ಕೂರೋದಾ? ಮೇಲೆ ಹತ್ತಿಸಿಬಿಡ್ತಿದ್ದೆ!"

ನಾನು ನೋಡಿದೆ. ನೆಲ ಖಾಲಿಯಾಗಿತ್ತು.

ಆದರೆ ಮಾಮನ ಮುಖ ನೋಡಬೇಕಿತ್ತು. ರಕ್ತವೆಲ್ಲ ಇಳಿದುಹೋಗಿತ್ತು. ಅವನ ತೋಳು ಹಿಡಿದು ಅಲ್ಲಾಡಿಸುತ್ತಾ ತಮಿಳಿನಲ್ಲಿ ಒಂದೇ ಪ್ರಶ್ನೆ ಕೇಳಿದರು: ಯಾವ ಬಣ್ಣದ ಸೀರೆ? ಹೇಳಪ್ಪಾ, ಯಾವ ಬಣ್ಣದ ಸೀರೆ? ಮೀಸೆಯವನು ಕಕ್ಕಾಬಿಕ್ಕಿಯಾಗಿ, ಸೀರೆ ಎಲ್ಲಿತ್ತು, ಚೂಡಿದಾರ ಅಲ್ಲವಾ ಹಾಕಿಕೊಂಡಿದ್ದದ್ದು ಎಂದ. ಮಾಮಾ ಅವನ ಕೈ ಬಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ನೋಡಿದರೆ, ನಗುತ್ತಿದ್ದಾರೆ! ಕಣ್ಣಲ್ಲಿ ನೀರು ಬೇರೆ.

"ಹಾಗಾದ್ರೆ ಅವಳಲ್ಲ ಮಾ. ನಮ್ಮ ಕಮಲು ಜನ್ಮದಲ್ಲಿ ಚೂಡಿದಾರ ಹಾಕಿದವಳಲ್ಲ. ಇದು ಬೇರೆ ಯಾರೋ. ಪಾಪ, ಅವರೂ ಯಾರಿಗೋ ಕಾಯ್ತಿರಬಹುದು."

ದೆವ್ವವನ್ನು ಕಂಡು ಹೆದರುವವರನ್ನು ಕೇಳಿದ್ದೇನೆ. ದೆವ್ವ ತನ್ನವರದಲ್ಲ ಎಂದು ಗೊತ್ತಾಗಿ ಹಗುರಾದವರನ್ನು ನಾನು ನೋಡಿದ್ದು ಅವರೊಬ್ಬರನ್ನೇ. ಆವತ್ತು ಸವಾರಿ ಮುಗಿದ ಮೇಲೆ ನೆಂಟರನ್ನು ಸುಂಡಲ್ ತಿನ್ನಲು ಕಳಿಸಿ ಮಾಮನ ಪಕ್ಕದಲ್ಲಿ ಕೂತೆ. ಅವರಾಗಿಯೇ ಹೇಳಿದರು.

ಕಮಲಾ ಅವರ ಹೆಂಡತಿ. ಮದುವೆಯಾದಾಗಿನಿಂದ ಆಕೆಗೆ ಒಂದು ರೂಢಿ. ಗಂಡನ ಗಾಡಿ ಊರಿಗೆ ಬರುವ ಹೊತ್ತಿಗೆ ಕ್ಯಾರಿಯರಿನಲ್ಲಿ ಊಟ ತುಂಬಿಕೊಂಡು ಸ್ಟೇಷನ್ನಿಗೆ ಹೋಗಿ, ಗಾರ್ಡ್ ಡಬ್ಬಿ ನಿಲ್ಲುವ ಪ್ಲಾಟ್‌ಫಾರಂ ತುದಿಯಲ್ಲೇ ಕೂರುವುದು. ಚಪ್ಪಲಿ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು, ಕಾಲು ಚಾಚಿ. ವಯಸ್ಸಾದ ಮೇಲೆ ಆಕೆಗೆ ಮರೆವು ಹತ್ತಿತು. ಮಗಳ ಹೆಸರು ಮರೆತರು, ಅಂಬತ್ತೂರಿನ ಮನೆಯ ದಾರಿ ಮರೆತರು. ಈ ರೂಢಿಯೊಂದನ್ನು ಮರೆಯಲಿಲ್ಲ. ಮನೆಯಲ್ಲಿ ಒಬ್ಬರನ್ನೇ ಬಿಡಲಾಗದೆ ಮಾಮಾ ಆಕೆಯನ್ನು ಬೀಚಿಗೆ ಕರೆತರುತ್ತಿದ್ದರು. ಆಗ ಸವಾರಿ ಹೊರಡುತ್ತಿದ್ದದ್ದು ಆ ಜಾಗದಿಂದಲೇ. ಸಾಲಿನ ಬಾಲ ಎಲ್ಲಿ ನಿಲ್ಲುತ್ತದೋ ಅಲ್ಲಿ ಆಕೆ ಕೂರುತ್ತಿದ್ದರು. "ಇಲ್ಲೇ ಇರು, ಒಂದು ರೌಂಡ್ ಹೊಡೆದು ಬರ್ತೀನಿ" ಎಂದರೆ ತಲೆಯಾಡಿಸುತ್ತಿದ್ದರು. ಬರುವವರೆಗೆ ಅಲುಗಾಡುತ್ತಿರಲಿಲ್ಲ.

"ಒಂದಿನ ಲೈಟ್‌ಹೌಸ್ ಕಡೆ ಪೊಲೀಸರು ದಾರಿ ಕಟ್ಟಿದ್ರು, ಯಾವುದೋ ಬಂದೋಬಸ್ತ್. ಸರಿ, ಈವತ್ತು ಪ್ರತಿಮೆ ಕಡೆ ಹೋಗೋಣ ಅಂತ ಸಾಲನ್ನ ತಿರುಗಿಸಿದೆ ಮಾ. ಅಷ್ಟೇ ನಾನು ಮಾಡಿದ್ದು. ಗಾಡಿ ದಿಕ್ಕು ತಿರುಗಿದ್ರೆ ಗಾರ್ಡ್ ಡಬ್ಬಿ ಎಲ್ಲಿಗೆ ಬರುತ್ತೆ?"

"ಇನ್ನೊಂದು ತುದಿಗೆ" ಎಂದೆ.

"ಹಾಂ. ಗಾರ್ಡ್ ಹೆಂಡ್ತಿಗೆ ಇದನ್ನ ಹೇಳಿಕೊಡಬೇಕಾ? ನನ್ನ ಬೆನ್ನ ಹಿಂದೆ ಅವಳು ಎದ್ದಿದಾಳೆ, ಚಪ್ಪಲಿ ಕೈಲಿ ಹಿಡಕೊಂಡಿದಾಳೆ, ಪ್ಲಾಟ್‌ಫಾರಂನ ಇನ್ನೊಂದು ತುದಿಗೆ ಹೊರಟಿದಾಳೆ. ನಾನು ಆ ಕಡೆ, ಅವಳು ಈ ಕಡೆ. ಪ್ಲಾಟ್‌ಫಾರಂ ಅಂದ್ರೆ ಎಲ್ಲೋ ಒಂದು ಕಡೆ ಮುಗಿಯುತ್ತೆ. ಈ ಬೀಚು ಎಲ್ಲಿ ಮುಗಿಯುತ್ತೆ ಮಾ?"

ಮಾಮಾ ಹುಡುಕದ ಜಾಗವಿಲ್ಲ, ಕೇಳದ ಜನವಿಲ್ಲ. ಕಮಲಮ್ಮ ಸಿಗಲಿಲ್ಲ. ದೇಹವೂ ಸಿಗಲಿಲ್ಲ. ಸವಾರಿ ಹೊರಡುವ ಜಾಗವನ್ನು ಆಮೇಲೆ ಬದಲಿಸಿದರಂತೆ. ಮಾಮಾ ಮಾತ್ರ ಆ ನೆಲವನ್ನು ಬಿಡಲಿಲ್ಲ. ಆ ತುದಿಯಲ್ಲಿ ಡಬ್ಬಿ ಕಾಣದಿದ್ದರೆ ಅವಳು ಹಳೆಯ ಜಾಗಕ್ಕೇ ತಿರುಗಿ ಬರುತ್ತಾಳೆ, ಬಂದಾಗ ಯಾರೂ ಅಲ್ಲಿ ಕೂತಿರಬಾರದು ಎಂಬುದು ಅವರ ಲೆಕ್ಕ. ದಿನಾ ಬೆಳಿಗ್ಗೆ ಮರಳನ್ನು ಕಾಲಿನಿಂದ ಸರಿಸಿ ಚೊಕ್ಕಟ ಮಾಡುತ್ತಿದ್ದವರು ಅವರೇ.

"ರಂಜನಿ ಹೇಳ್ತಾಳೆ, ಅಮ್ಮನಿಗೆ ಕರ್ಮ ಮಾಡಿಬಿಡೋಣ, ದರ್ಭೆಯಲ್ಲಿ ಬೊಂಬೆ ಮಾಡಿ ದಹನ ಮಾಡಬಹುದು, ಶಾಸ್ತ್ರದಲ್ಲಿದೆ ಅಂತ" ಎಂದರು. ರಂಜನಿ ಅವರ ಮಗಳು. "ಹೇಗೆ ಮಾಡ್ಲಿ? ಹೋದವಳಾಗಿದ್ರೆ ಇಷ್ಟು ಹೊತ್ತಿಗೆ ಅಲ್ಲಿ ಬಂದು ಕೂತಿರ್ತಿದ್ಲು. ಸತ್ತವರಿಗೆ ದಾರಿ ತಪ್ಪೋದಿಲ್ಲ ಮಾ. ದಾರಿ ತಪ್ಪೋದು ಬದುಕಿರೋರಿಗೆ. ಜಾಗ ಖಾಲಿ ಇರೋ ತನಕ ಅವಳು ಎಲ್ಲೋ ಇದಾಳೆ. ಯಾರೋ ಅನ್ನ ಹಾಕ್ತಿದಾರೆ."

ನಾನು ಆಫೀಸಿನಲ್ಲಿ ಕ್ಲೇಮು ನೋಡುವವಳು. ಕಾಣೆಯಾದವರನ್ನು ಎಷ್ಟೋ ವರ್ಷದ ಮೇಲೆ ಕಾನೂನು ಸತ್ತರೆಂದೇ ಎಣಿಸುತ್ತದೆ ಎಂಬುದು ನನಗೆ ಬಾಯಿಪಾಠ. ಆದರೂ ಅಂದಿನಿಂದ ನಾನೂ ಆ ಜಾಗ ಬಂದಾಗ ಉಸಿರು ಹಿಡಿಯಲು ಶುರುಮಾಡಿದೆ. ಖಾಲಿ ಇದೆ ಎಂದು ಕಂಡರೆ ಹಾಯೆನಿಸುತ್ತಿತ್ತು. ನನಗೇನು ಹುಚ್ಚೇ ಎಂದು ಬೈದುಕೊಂಡದ್ದೂ ಉಂಟು.

ಮಾಮನನ್ನು ಕೊನೆಯ ಸಲ ನೋಡಿದ್ದು ಪೋರೂರಿನ ಆಸ್ಪತ್ರೆಯಲ್ಲಿ. ಬಿಳಿ ಹಾಸಿಗೆಯಲ್ಲಿ ಅಷ್ಟು ಸಣ್ಣಗಾಗಿ ಮಲಗಿದ್ದರು. ಹಣೆಯ ನಾಮ ಮಾತ್ರ ನೆಟ್ಟಗಿತ್ತು; ಮಗಳು ಇಟ್ಟಿರಬೇಕು. ರಂಜನಿ ನನ್ನನ್ನು ಬಾಗಿಲಲ್ಲೇ ತಡೆದು, "ಅಪ್ಪಾಗೆ ಎಪ್ಪೋದೂ ಅದೇ ಮಾತು ಆಂಟಿ, ಬೀಚ್, ಬೀಚ್. ನೀವಾದ್ರೂ ಸಮಾಧಾನ ಹೇಳಿ" ಎಂದಳು. ಅವಳಿಗೂ ಪಾಪ, ಅತ್ತೂ ಅತ್ತೂ ಮುಖ ಊದಿತ್ತು.

ನನ್ನನ್ನು ಕಂಡವರೇ ಮಾಮಾ ಕೇಳಿದ್ದು, "ಹೋಗಿದ್ಯಾ ಮಾ? ಖಾಲಿ ಇದೆಯಾ?"

"ಇದೆ ಮಾಮಾ. ನಿನ್ನೆ ತಾನೇ ನೋಡಿ ಬಂದೆ." ನಿಜವಾಗಿಯೂ ಹೋಗಿದ್ದೆ.

"ನಾನು ಇಲ್ಲದಾಗ ಜನ ನೆಟ್ಟಗೆ ನುಗ್ಗಿಬಿಡ್ತಾರೆ. ನೀನೊಬ್ಬಳಾದ್ರೂ ಸುತ್ತಿಕೊಂಡು ಹೋಗು. ಹಿಂದಿನವರು ನಿನ್ನನ್ನ ನೋಡಿ ಬರ್ತಾರೆ." ಮತ್ತೆ ಹೇಳಿದರು: "ಈಗ ಒಂದೇ ಭಯ ಮಾ. ನಾನು ಹೋಗ್ತೀನಿ. ಅವಳು ಅಲ್ಲಿದ್ರೆ ಸರಿ, ಇಬ್ಬರೂ ಸೇರ್ತೀವಿ. ಅಲ್ಲಿಲ್ಲದಿದ್ರೆ? ಆಮೇಲೆ ಅವಳನ್ನ ಹುಡುಕೋರು ಯಾರು?"

ನನಗೆ ತಡೆಯಲಾಗಲಿಲ್ಲ. ಅವರ ಕೈ ಹಿಡಿದು ಅತ್ತುಬಿಟ್ಟೆ. ಅವರೇ "ಅಳಬೇಡ, ಅಳಬೇಡ" ಎಂದು ನನ್ನ ಕೈ ತಟ್ಟಿದರು. ಆ ವಾರವೇ ಹೋದರು. ಅಪ್ಪನ ಕರ್ಮದ ಜೊತೆಗೇ ಅಮ್ಮನದನ್ನೂ ರಂಜನಿ ಮಾಡಿಸಿದಳು. ಇಬ್ಬರೂ ಈಗ ಒಟ್ಟಿಗೆ ಇರುತ್ತಾರೆ ಆಂಟಿ ಎಂದಳು. ಹೌದಮ್ಮ ಎಂದು ಊಟ ಮಾಡಿ ಬಂದೆ. ಹಾಗೆಂದೇ ನಾನೂ ನಂಬಿದ್ದೆ.

ಮೊನ್ನೆ ಹುಬ್ಬಳ್ಳಿಯಿಂದ ನಮ್ಮ ಓರಗಿತ್ತಿ ಶಾಂತಕ್ಕ ಬಂದಿದ್ದಳು. ಮದ್ರಾಸಿಗೆ ಬಂದದ್ದು ಇದೇ ಮೊದಲು. ಗಾರ್ಡ್ ಮಾಮನ ಹೆಸರನ್ನು ಅವಳ ಹತ್ತಿರ ನಾನು ಎತ್ತಿದವಳೂ ಅಲ್ಲ. ಬೆಳಿಗ್ಗೆ ಸವಾರಿಗೆ ಹೋದೆವು. ಈಗಿನ ಗೈಡ್ ಎಲ್ಲ ಗೈಡುಗಳಂತೆ ಮುಂದೆ ಇರುತ್ತಾನೆ, ಕಿವಿಗೆ ಹಾಡು ಸಿಕ್ಕಿಸಿಕೊಂಡು. ಆ ಜಾಗ ಬಂತು. ಅವನು ನೆಟ್ಟಗೆ ಹೋದ, ಅವನ ಹಿಂದಿನವರೂ ನೆಟ್ಟಗೆ ಹೋದರು. ನಾನು ಮಾಮಾ ಕೇಳಿಕೊಂಡಂತೆ ಬಲಕ್ಕೆ ವಾಲಿ ಸುತ್ತಿಕೊಂಡು ಹೋದೆ. ಅಷ್ಟೂ ದೂರ ದಾರಿಯ ಮೇಲೆ ಮರಳು ಹರಡಿತ್ತು. ಆ ಜಾಗ ಚೊಕ್ಕಟವಾಗಿತ್ತು. ಗಾಳಿ ಎಂದುಕೊಂಡೆ. ಗಾಳಿಯೇ ಇರಬೇಕು.

ಲೈಟ್‌ಹೌಸಿನ ಹತ್ತಿರ ನಿಂತಾಗ ಶಾಂತಕ್ಕ ನನ್ನ ಹಿಂದೆಯೇ ಬಂದು ಇಳಿದಳು. ಅವಳೂ ಸುತ್ತಿಕೊಂಡೇ ಬಂದಿದ್ದಳು. "ನನ್ನ ನೋಡಿ ಸುತ್ತಿದೆಯಾ?" ಎಂದೆ.

"ನಿನ್ನನ್ಯಾಕ ನೋಡ್ಲಿ? ನನ್ನ ಗಾಡಿ ಸಂಭಾಳಸೂದ ನನಗ ಸಾಕಾಗಿತ್ತು. ಅಲ್ಲೊಬ್ರು ಹಿರ್ಯಾರು ನಿಂತಿದ್ರಲ್ಲ, ಬಿಳಿ ಅಂಗಿ ಹಾಕ್ಕೊಂಡು. ಹಸರ ಕರ್ಚೀಪ್ ಬೀಸಿ ಈ ಕಡೆಯಿಂದ ಬರ್ರಿ ಅಂದ್ರು. ಬಂದ್ನಿ."

ನಾನು ಸೆಗ್‌ವೇಯ ಕೋಲನ್ನು ಗಟ್ಟಿಯಾಗಿ ಹಿಡಿದು ಕೇಳಿದೆ. "ಅವರ ಪಕ್ಕದಲ್ಲಿ, ಕೆಳಗೆ... ಯಾರಾದರೂ ಕೂತಿದ್ರಾ? ಸೀರೆ ಉಟ್ಟೋರು?"

ಶಾಂತಕ್ಕ ಹೆಲ್ಮೆಟ್ಟು ತೆಗೆದು ಬೆವರು ಒರೆಸಿಕೊಂಡಳು. "ಇಲ್ಲವ್ವಾ. ಅವರೊಬ್ರ ಇದ್ರು. ಪಾಪ, ಯಾರನೋ ಕಾಯಾಕತ್ತಿದ್ರು ಅನ್ನಸ್ತದ. ನಮಗ ಕೈ ಮಾಡ್ತಿದ್ರು, ಆದ್ರ ಕಣ್ಣೆಲ್ಲಾ ದಾರಿ ಮ್ಯಾಲ ಇತ್ತು."

ಹಿಂದೆ ತಿರುಗಿ ನೋಡಬಾರದು ಎಂದಿದ್ದರು ಮಾಮಾ. ನಾನು ನೋಡಿದೆ. ದೂರದಲ್ಲಿ ಖಾಲಿ ದಾರಿ, ಬಿಸಿಲು, ಮೆಟ್ಟಿಲ ಮೇಲೊಂದು ಕಾಗೆ. ರಂಜನಿಗೆ ಫೋನ್ ಮಾಡಬೇಕು ಎಂದು ತೆಗೆದವಳು ಹಾಗೇ ಇಟ್ಟೆ. ಏನೆಂದು ಹೇಳಲಿ ಆ ಹುಡುಗಿಗೆ? ನಿಮ್ಮಮ್ಮ ಇನ್ನೂ ಬಂದಿಲ್ಲ ಎಂದೇ?