ಡ್ರೈವರನ ತಪ್ಪು

ದೇವಾನಂದನ ಬಲಗೈಯ ಎರಡು ಬೆರಳು ಈಗ ಪೂರ್ತಿ ಮಡಚುವುದಿಲ್ಲ. ಅಮರಪ್ಪನ ಮೇಲಿನ ಸಾಲಿನಲ್ಲಿ ಎರಡು ಹಲ್ಲಿಲ್ಲ. ನನಗೆ ಏನೂ ಆಗಿಲ್ಲ. ತಪ್ಪು ನನ್ನದೇ ಆದ್ದರಿಂದ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ದೇವಾನಂದನಿಗೆ ವಿಜಯಪುರದ ಜೋರಾಪುರ ಪೇಟೆಯಲ್ಲಿ ಟಿವಿ, ಕಂಪ್ಯೂಟರ್ ರಿಪೇರಿಯ ಅಂಗಡಿ. ಅಂಗಡಿಯೆಂದರೆ ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕು. ಇಬ್ಬರೂ ಕೂತರೆ ಟಿವಿ ಹೊರಗೆ ಹೋಗಬೇಕು. ಕೆಲಸ ಕಲಿತದ್ದು ಗೈಬುಸಾಬರ ಬಳಿ. ಆ ಕಾಲದ ಟಿವಿಯ ಬೆನ್ನಿನ ಮುಚ್ಚಳ ಬಿಚ್ಚಿದರೆ ಒಳಗೆ ಅದರ ಸರ್ಕಿಟ್ಟಿನ ನಕ್ಷೆ ಮಡಚಿಟ್ಟಿರುತ್ತಿತ್ತು. ನಕ್ಷೆ ನೋಡದೆ ಕೈ ಹಾಕಿದವನ ಗೆಣ್ಣಿಗೆ ಗೈಬುಸಾಬರು ಸ್ಕ್ರೂಡ್ರೈವರಿನ ಹಿಡಿಯಿಂದ ಬಾರಿಸುತ್ತಿದ್ದರು. ಹೀಗೆ ಪೆಟ್ಟು ತಿಂದೂ ತಿಂದೂ ದೇವಾನಂದನಿಗೆ ಒಂದು ನಂಬಿಕೆ ಬೇರೂರಿತು: ವಸ್ತು ಕೊಂಡವನಿಗೆ ಅದರ ಒಳಗುಟ್ಟೂ ಸಿಗಬೇಕು.

ಆದ್ದರಿಂದಲೇ ಅವನ ಕಂಪ್ಯೂಟರುಗಳಲ್ಲಿ ಒಳಗುಟ್ಟು ಮುಚ್ಚಿಡದ ಲಿನಕ್ಸ್ ಎಂಬ ತಂತ್ರಾಂಶ ಬಿಟ್ಟರೆ ಬೇರೆ ಇಲ್ಲ. ಟಿವಿಗೆ ಚಿತ್ರ ಒಯ್ಯುವ ಪಿನ್ನುಗಳಿಗೂ ಅವನು ಹೆಸರಿಟ್ಟಿದ್ದ. ಒಂದು ಮೂಲೆ ಕತ್ತರಿಸಿದಂತಿರುವ ಡಿಸ್‌ಪ್ಲೇ ಪೋರ್ಟ್ ‘ಬಯಲು ಪಿನ್ನು’. ಎಲ್ಲ ಟಿವಿಗಳ ಹಿಂದಿರುವ ಎಚ್‌ಡಿಎಂಐ ‘ಬೀಗದ ಪಿನ್ನು’.

“ಬೀಗ ಎಲ್ಲೈತೋ? ನನಗ ಕಾಣವಲ್ದು” ಎಂದು ನಾನೊಮ್ಮೆ ಕನ್ನಡಕ ಒರೆಸಿಕೊಂಡು ಹುಡುಕಿದ್ದೆ.

“ಸರ, ಬೀಗ ಪಿನ್ನಿಗಲ್ರಿ, ಅದರ ನಕ್ಷೆ ಕಾಗದಕ್ಕ. ಕಂಪ್ಯೂಟರಿನ್ಯಾಗ ಡ್ರೈವರ್ ಅಂತ ಒಂದ ಬರಹ ಇರತೈತಿ. ಚಿತ್ರಾನ ಪರದೆತನಕ ಹೊಡ್ಕೊಂಡ ಹೋಗೂದು ಅದ. ನಮ್ಮ ಡ್ರೈವರ್ ಓಪನ್, ಒಳಗ ಏನ್ ಬರದೈತಿ ಯಾರ ಬೇಕಾದ್ರೂ ಓದಬಹುದು. ಈ ಬೀಗದ ಪಿನ್ನಿನ ಸಂಘದವ್ರು, ನಮ್ಮ ಹೊಸಾ ವೇಗದ ಗುಟ್ಟ ಹಂಗ ಬಯಲಿನ್ಯಾಗ ಬರಿಬ್ಯಾಡ್ರಿ ಅಂತಾರ. ಅದಕ್ಕ ದೊಡ್ಡ ಪರದೆ ಮ್ಯಾಗ ಸೆಕೆಂಡಿಗೆ ನೂರಾ ಇಪ್ಪತ್ತ ಚಿತ್ರ ಓಡಿಸಾಕ ನಮ್ಮ ಡ್ರೈವರಿಗೆ ಆಗಂಗಿಲ್ಲ. ಅರವತ್ತಕ್ಕ ನಿಂದರ್ತೈತಿ.”

ನಾನು ತಲೆಯಾಡಿಸಿದೆ. ಅರ್ಥವಾಗದಾಗ ನಾನು ಬಹಳ ಚೆನ್ನಾಗಿ ತಲೆಯಾಡಿಸುತ್ತೇನೆ.

ಅವನ ಟಿವಿಗಳನ್ನು ಊರೂರಿಗೆ ಹೊರುವವನು ಕಾಖಂಡಕಿಯ ಅಮರಪ್ಪ. ಸ್ವಂತ ಟೆಂಪೊ, ಶಾಲೆಯ ಕಾಲದ ಗೆಳೆಯ. ಮುಟ್ಟಿಸುವ ಊರಿಗೆ ಮುಟ್ಟಿಸಿ, ಟೆಂಪೊದ ಕಿಟಕಿಯಿಂದ ಎರಡೂ ಪಾದ ಹೊರಗೆ ಚಾಚಿ ಮಲಗಿದನೆಂದರೆ ಅವನ ಕೆಲಸ ಮುಗಿಯಿತು.

ಎರಡು ವರ್ಷದ ಹಿಂದೆ ಟಿಕೋಟಾದಲ್ಲಿ ಓಪನ್ ಕಬಡ್ಡಿ ಇಟ್ಟಿದ್ದರು. ಸಮಿತಿಯ ಮುಖ್ಯಸ್ಥರು ನಿವೃತ್ತ ಎಂಜಿನಿಯರ್ ಶ್ರೀಶೈಲ ಅವರು. ಜಗಳದ ಪಾಯಿಂಟನ್ನು ಮತ್ತೆ ತೋರಿಸಲು ಗೆರೆಯ ಬಳಿ ಕ್ಯಾಮೆರಾ, ಎದುರಿಗೆ ದೊಡ್ಡ ಟಿವಿ ಇರುತ್ತದೆ, ಅದು ಸೆಕೆಂಡಿಗೆ ನೂರಿಪ್ಪತ್ತು ಚಿತ್ರ ತೋರಿಸುತ್ತದೆ ಎಂದು ಕರಪತ್ರದಲ್ಲಿ ಹಾಕಿಸಿಬಿಟ್ಟಿದ್ದರು. ಟಿವಿ ಹೊಂದಿಸಲು ದೇವಾನಂದನನ್ನು, ಮೈಕಿಗೆ ನನ್ನನ್ನು ಕರೆದಿದ್ದರು. ಕಬಡ್ಡಿಯನ್ನು ನಾನು ಆಡಿದ್ದು ಜೀವನದಲ್ಲಿ ಒಂದೇ ಸಲ. ಆಗಲೂ ಎದುರಾಳಿ ಮುಟ್ಟುವ ಮೊದಲೇ ಗೆರೆ ದಾಟಿ ಮನೆಗೆ ಹೋಗಿದ್ದೆ.

“ಅರವತ್ತ ಸಾಕ್ರಿ ಸಾಹೇಬ್ರ” ಎಂದ ದೇವಾನಂದ. “ಡ್ರೈವರ್ ಅಷ್ಟ ತಡಕೊಳ್ಳೂದು.”

“ಕರಪತ್ರದಾಗ ನೂರಾ ಇಪ್ಪತ್ತ ಅಂತ ಐತಿ. ಜನ ನನ್ನ ಅಂಗಿ ಹಿಡಿತಾರ.”

ಕೊನೆಗೆ ದೇವಾನಂದ ಒಂದು ಕನ್ವರ್ಟರ್ ತಂದು ಸಿಗಿಸಿದ. ಬಯಲು ಪಿನ್ನಿನಿಂದ ಹೊರಟ ಚಿತ್ರವನ್ನು ಬೀಗದ ಪಿನ್ನಿಗೆ ದಾಟಿಸುವ, ಹೆಬ್ಬೆರಳಿನಷ್ಟು ಡಬ್ಬಿ. ನೂರಿಪ್ಪತ್ತು ಬಂತು. ಶ್ರೀಶೈಲ ಅವರು ಅಂಗಿಯ ಕಾಲರು ಸರಿಮಾಡಿಕೊಂಡರು.

ಫೈನಲ್ಲು ಟಿಕೋಟಾಕ್ಕೂ ಬಬಲೇಶ್ವರಕ್ಕೂ. ಅರ್ಧ ಆಟಕ್ಕೇ ಒಬ್ಬನ ಹುಬ್ಬು ಸೀಳಿತ್ತು, ಇನ್ನೊಬ್ಬನ ಭುಜ ಕೀಲು ಬಿಟ್ಟಿತ್ತು. ಕೊನೆಯ ರೇಡಿಗೆ ಎರಡೂ ಕಡೆ ಸಮ. ಬಬಲೇಶ್ವರದವನ ಮೇಲೆ ಐದು ಜನ ಬಿದ್ದರು. ಮೊಣಕಾಲು ಲಟಕ್ಕೆಂದದ್ದು ಮೈಕಿನಲ್ಲಿ ಕೇಳಿಸಿತು. ಬೀಳುವ ಮೊದಲು ಅವನ ಕಾಲಿನ ಹೆಬ್ಬೆರಳು ಬೋನಸ್ ಗೆರೆ ದಾಟಿತ್ತೋ ಇಲ್ಲವೋ? ಅಂಪೈರು ಟಿವಿಯತ್ತ ಕೈ ತೋರಿದ.

ಟಿವಿ ಕಪ್ಪಾಗಿತ್ತು. ಮೂರು ತಾಸು ಬಿಸಿಲು ಕುಡಿದ ಕನ್ವರ್ಟರ್ ಮುಟ್ಟಿದರೆ ಸುಡುತ್ತಿತ್ತು.

“ಏನಾತೋ?” ಎಂದೆ, ಮೈಕು ಮುಚ್ಚಿಕೊಂಡು.

“ಮೊದಲ ಹೇಳಿದ್ನಲ್ರಿ ಸರ, ಡ್ರೈವರ್ ಹೊಂದಂಗಿಲ್ಲ ಅಂತ! ಡ್ರೈವರ್ ಸರಿ ಇದ್ದಿದ್ರ ಈ ದರಿದ್ರ ಡಬ್ಬಿ ಯಾಕ ಬೇಕಿತ್ತು?”

ನನಗೆ ಸಾರಾಂಶ ಹೇಳುವ ಚಟ. ಮೈಕಿನಿಂದ ಕೈ ತೆಗೆದು, ಸ್ಪಷ್ಟವಾದ ಗ್ರಾಂಥಿಕ ಕನ್ನಡದಲ್ಲಿ ಸಾರಿದೆ: “ಡ್ರೈವರನ ತಪ್ಪಿನಿಂದಾಗಿ ಪರದೆ ಬಂದ್ ಆಗಿದೆ. ಪ್ರೇಕ್ಷಕರು ಶಾಂತರಾಗಿರಬೇಕು.”

ಪ್ರೇಕ್ಷಕರು ಒಟ್ಟಾಗಿ ಟೆಂಪೊದ ಕಡೆ ತಿರುಗಿದರು. ಕಿಟಕಿಯಲ್ಲಿ ಎರಡು ಪಾದ ಕಾಣುತ್ತಿದ್ದವು.

ಆ ಪಾದ ಹಿಡಿದೇ ಎಳೆದರು. ಅಮರಪ್ಪ ನಿದ್ದೆಯಿಂದ ಎದ್ದದ್ದು ನೆಲಕ್ಕೆ ತಲೆ ಬಡಿದ ಮೇಲೆ. “ಯಾಕ್ರೋ? ಯಪ್ಪಾ, ನಾ ಏನ್ ಮಾಡೇನ್ರೋ?” ಎಂದು ಬಾಯಿ ತೆರೆದದ್ದೇ ತಡ, ಮುಷ್ಟಿ ಆ ಬಾಯಿಗೇ ಬಿತ್ತು. ಹಲ್ಲು ಹೋದದ್ದು ಆಗಲೇ. ಚಪ್ಪಲಿ, ಪ್ಲಾಸ್ಟಿಕ್ ಕುರ್ಚಿ, ಕಬ್ಬಿನ ಗಳ, ಸಿಕ್ಕದ್ದೆಲ್ಲ ಅವನ ಮೇಲೆ ಮುರಿಯಿತು. ಎರಡೂ ಊರಿನವರು ಅಂದು ಕೂಡಿ ಮಾಡಿದ ಕೆಲಸ ಅದೊಂದೇ.

“ಅಂವ ಅಲ್ಲ, ಆ ಡ್ರೈವರ್ ಬ್ಯಾರೆ!” ಎಂದು ನಾನು ಮೈಕಿನಲ್ಲಿ ಕಿರುಚಿದೆ. ಅರ್ಧ ಜನ ಬೇರೆ ಡ್ರೈವರನ್ನು ಹುಡುಕತೊಡಗಿದರು. ಅಂಪೈರನ ಜೀಪಿನ ಡ್ರೈವರು ಪಕ್ಕದ ಜೋಳದ ಹೊಲ ಹೊಕ್ಕದ್ದನ್ನು ನಾನೇ ಕಂಡೆ. ಮತ್ತೇನಾದರೂ ಹೇಳುವ ಮೊದಲು ಶ್ರೀಶೈಲ ಅವರು ನನ್ನ ಮೈಕಿನ ವಾಯರು ಕಿತ್ತರು. ಊರಿಗೆ ಅವರು ಮಾಡಿದ ದೊಡ್ಡ ಉಪಕಾರ ಅದು.

ಕುರ್ಚಿಗಳ ನಡುವೆ ನುಗ್ಗಿದ ದೇವಾನಂದ ಅಮರಪ್ಪನ ಮೇಲೆ ಅಡ್ಡ ಬಿದ್ದ. “ನನ್ನ ಹೊಡೀರ್ಲೇ! ಟಿವಿ ನಂದು!” ಯಾರಿಗೂ ಕೇಳಲಿಲ್ಲ. ಒಬ್ಬ ಟೆಂಪೊದ ಬಾಗಿಲನ್ನು ಒದ್ದ. ನಡುವೆ ದೇವಾನಂದನ ಕೈ ಇತ್ತು. ಇನ್ನೊಬ್ಬ ಸೀಟಿನ ಕೆಳಗಿನಿಂದ ಜಾಕಿಯ ರಾಡು ಎಳೆದುಕೊಂಡ. ರಾಡು ಬಿದ್ದರೆ ಅಮರಪ್ಪ ಉಳಿಯುವುದಿಲ್ಲ ಎಂಬುದು ದೂರದಲ್ಲಿ ಮೇಜಿನ ಕೆಳಗಿದ್ದ ನನಗೂ ತಿಳಿಯಿತು.

ಅಡ್ಡ ಬಿದ್ದು ಬಿಡಿಸುವುದು ಆಗದ ಮಾತು; ಇವರನ್ನು ತಿರುಗಿಸಬೇಕೆಂದರೆ ಪರದೆಯೇ ಬೇಕು. ದೇವಾನಂದ ಎದ್ದು ಓಡಿ ಬಂದ. ಎಡಗೈಯಿಂದ ಕನ್ವರ್ಟರ್ ಕಿತ್ತೆಸೆದ. ಕಂಪ್ಯೂಟರಿನಲ್ಲೇ ಇದ್ದ ಬೀಗದ ಪಿನ್ನಿಗೆ, ವರ್ಷಗಟ್ಟಲೆ ಬೈದ ಅದೇ ಪಿನ್ನಿಗೆ, ಟಿವಿಯ ತಂತಿಯನ್ನು ನೇರ ಚುಚ್ಚಿದ. ರಕ್ತಕ್ಕೆ ತಂತಿ ಎರಡು ಸಲ ಜಾರಿತು. ಮೂರನೆಯ ಸಲ ಕೂತಿತು.

ಟಿವಿ ಬೆಳಗಿತು. ಅರವತ್ತಕ್ಕೇ.

ಆದರೆ ಅದರಲ್ಲಿ ಗೆರೆಯೂ ಇರಲಿಲ್ಲ, ಹೆಬ್ಬೆರಳೂ ಇರಲಿಲ್ಲ. ನೂಕಾಟದಲ್ಲಿ ಯಾರೋ ಕ್ಯಾಮೆರಾದ ಕಾಲಿಗೆ ಒದ್ದಿದ್ದರು. ಅದು ತಿರುಗಿ ಟೆಂಪೊವನ್ನೇ ನೋಡುತ್ತಿತ್ತು. ಪರದೆಯ ತುಂಬ ರಾಡು ಎತ್ತಿದ ಒಬ್ಬ, ಸುತ್ತ ಹಲ್ಲು ಕಚ್ಚಿದ ಮುಖಗಳು, ಕೆಳಗೆ ಕೆಂಪು ಬಾಯಿಯ ಅಮರಪ್ಪ.

“ಪರದೆ ಬಂತು!” ಎಂದು ಯಾರೋ ಕೂಗಿದರು. ರಾಡಿನವನೂ ತಿರುಗಿ ನೋಡಿದ. ಪರದೆಯೊಳಗಿನವನೂ ತಿರುಗಿದ. ತನ್ನನ್ನು ತಾನು ಗುರುತಿಸಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ರಾಡನ್ನು ಮೆಲ್ಲಗೆ, ಸಪ್ಪಳವಾಗದಂತೆ ನೆಲಕ್ಕಿಟ್ಟ. ಉಳಿದವರು ಮುಖಕ್ಕೆ ಟವೆಲ್ ಸುತ್ತಿಕೊಂಡು ಒಬ್ಬೊಬ್ಬರಾಗಿ ಕರಗಿದರು. ಬೋನಸ್ ಗೆರೆಯ ಸುದ್ದಿ ಯಾರೂ ಎತ್ತಲಿಲ್ಲ.

ವಾರದ ನಂತರ ವಿಜಯಪುರದ ಆಸ್ಪತ್ರೆಗೆ ಮೋಸಂಬಿ ಹಿಡಿದುಕೊಂಡು ಹೋದೆ. ಅಮರಪ್ಪನ ತಲೆಗೆ ಹನ್ನೊಂದು ಹೊಲಿಗೆ. ಮಂಚದ ಪಕ್ಕ ದೇವಾನಂದ, ಕೈಗೆ ಪ್ಲಾಸ್ಟರು. ನಾನು ತಪ್ಪೊಪ್ಪಿಕೊಂಡೆ. ಡ್ರೈವರ್ ಎಂದರೆ ಕಂಪ್ಯೂಟರಿನೊಳಗಿನ ಬರಹ, ಓಪನ್ ಎಂದರೆ ಯಾರು ಬೇಕಾದರೂ ಓದಬಹುದಾದದ್ದು ಎಂದು, ನನಗೆ ಗೊತ್ತಿದ್ದಷ್ಟನ್ನು ತಲೆಯಾಡಿಸುತ್ತ ವಿವರಿಸಿದೆ. ಅಮರಪ್ಪನೂ ತಲೆಯಾಡಿಸಿದ. ನನ್ನಷ್ಟೇ ಚೆನ್ನಾಗಿ.

“ಅದೆಲ್ಲಾ ಇರ್ಲ್ರಿ ಸರ” ಎಂದ, ಹಲ್ಲಿಲ್ಲದ ಸಂದಿಯಿಂದ ಗಾಳಿ ಬಿಡುತ್ತ. “ಆ ಓಪನ್ ಡ್ರೈವರ್ ಯಾವ ಊರಾಂವ? ಸಿಕ್ರ ನಾನೂ ಎರಡ ಹಲ್ಲ ಕೀಳ್ತೀನಿ.”

ದೇವಾನಂದ ಪ್ಲಾಸ್ಟರಿನ ಕೈಯನ್ನು ಅವನ ಎದೆಯ ಮೇಲಿಟ್ಟ.

“ಅವನ್ನ ಹೊಡಿಬ್ಯಾಡಲೇ ಅಮರ್ಯಾ. ಅಂವ ಊರ ಮಂದಿಗೆಲ್ಲಾ ಪುಕ್ಕಟ ದುಡಿಯಾಂವ. ಬೀಗ ಹಾಕಿದಾಂವ ಬ್ಯಾರೆ ಅದಾನ.”

“ಹಂಗಾರ ನಿನ್ನಂಗ ಅನ್ನು” ಎಂದ ಅಮರಪ್ಪ. ನಾನು ತಂದ ಮೋಸಂಬಿ ಸುಲಿದು, ಅರ್ಧವನ್ನು ಗೆಳೆಯನ ಬಾಯಿಗಿಟ್ಟ. ನನಗೆ ಕೊಡಲಿಲ್ಲ.