ಬರೆದವರ ಬಾಯಿಂದಲೇ ಪುಸ್ತಕ ಓದಿಸುವ ಅಕ್ಕ

ಸೂರ್ಯ ಕೂಡ ಈ ಅಕ್ಕನಿಗೆ ಕರಡು ತೋರಿಸದೆ ಹುಟ್ಟುವುದಿಲ್ಲ. ನಂಬದವರು ಬೆಳಗಿನ ಜಾವ ಬಂದು ನೋಡಬಹುದು. ಮುದ್ರಣಾಲಯದ ಪಕ್ಕದ ಓಣಿಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲಿಗೆ ಬಂದು, ಒಂದು ಗೆರೆ ಬೆಳಕನ್ನು ಒಳಗೆ ತೂರಿಸಿ, ‘ಇವತ್ತಿಗೆ ಇಷ್ಟು ಸಾಕಾ ಅಕ್ಕ’ ಎಂದು ಕೇಳಿ, ಅವರು ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿದ ಮೇಲೆಯೇ ಮೇಲೇರುತ್ತಾನೆ. ಒಮ್ಮೆ ಅವರಿಗೆ ಜ್ವರ ಬಂದು ಬಾಗಿಲು ತೆರೆಯದಿದ್ದಾಗ ಊರಿಗೆ ಊರೇ ಮಧ್ಯಾಹ್ನದವರೆಗೆ ದೀಪ ಹಚ್ಚಿಕೊಂಡು ಓಡಾಡಿತು. ಇನ್ನು ಅವರ ಕಿವಿಯ ಮಾತು ಹೇಳಿದರೆ ಹೊಟ್ಟೆಕಿಚ್ಚಿನವರಿಗೆ ಅನ್ನ ಇಳಿಯಲಿಕ್ಕಿಲ್ಲ. ಮೂರು ಬೀದಿ ಆಚೆ ಇರುವೆ ಕೆಮ್ಮಿದರೆ, ಯಾವ ಇರುವೆ, ಎಷ್ಟು ದಿನದ ಕೆಮ್ಮು ಎಂದು ಕೂತಲ್ಲೇ ಹೇಳಬಲ್ಲರು.

ಇವತ್ತು ಅವರ ಎದುರಿನ ಸ್ಟೂಲಿನ ಮೇಲೆ ಕೂತವರು ಗ್ಯಾಸ್ ಒಲೆ ರಿಪೇರಿ ಮಾಡುವವರು. ಸ್ವಂತ ಖರ್ಚಿನಲ್ಲಿ ಒಂದು ಪತ್ತೇದಾರಿ ಕಾದಂಬರಿ ಅಚ್ಚು ಹಾಕಿಸುವುದು ಅವರ ಬಹುದಿನದ ಆಸೆ. ಉಗುರಿನ ಸಂದಿಯಲ್ಲಿ ಮಸಿ, ಕೈಯಲ್ಲಿ ಹಾಳೆಗಳ ಕಟ್ಟು.

"ಕಾಗದ ಮುಖಕ್ಕೆ ಅಡ್ಡ ಬರೋದು ಬೇಡ. ಕೆಳಗೆ ಹಿಡ್ಕೊಂಡು ಓದಿ," ಎನ್ನುತ್ತಾರೆ ಅಕ್ಕ.

ಒಲೆಯವರು ಓದುತ್ತಾರೆ. ಕತ್ತಲ ಗೋದಾಮು, ಬೆನ್ನ ಹಿಂದೆ ಹೆಜ್ಜೆ, ಮಿಂಚಿದ ಚಾಕು. ಅಕ್ಕನ ಪೆನ್ಸಿಲ್ ಮೇಲೇಳುತ್ತದೆ.

"ಇಲ್ಲಿ ಆಕಳಿಸಿದ್ರಿ."

"ಬೆಳಗಿನ ಜಾವ ಅಲ್ವಾ ಅಕ್ಕ. ಕಣ್ಣು ಎಳೀತಿದೆ."

"ಹಿಂದಿನ ಪುಟದಲ್ಲಿ ಎಳೀಲಿಲ್ಲ. ಅಲ್ಲಿ ಅವನು ಬರೀ ಚಹಾ ಕುಡೀತಿದ್ದ. ಇಲ್ಲಿ ಕೊಲೆ ಆಗ್ತಿದೆ, ನೀವು ಆಕಳಿಸ್ತಿದ್ದೀರಿ. ಹೆಣಕ್ಕಾದ್ರೂ ಮರ್ಯಾದೆ ಬೇಡ್ವಾ?"

ಒಲೆಯವರು ತಲೆ ಕೆರೆದುಕೊಳ್ಳುತ್ತಾರೆ. "ಹಂಗಲ್ಲ ಅಕ್ಕ. ಅವನು ಹೆದರಿ ನಿಂತಿದ್ದಲ್ಲ. ಚಾಕು ಹಿಡಿದ ಕೈ ತಮ್ಮನದು ಅಂತ ಗೊತ್ತಾಯ್ತು. ಅದಕ್ಕೇ ಓಡೋದು ಬಿಟ್ಟ."

ಅಕ್ಕ ಆ ಮಾತನ್ನು ಹಾಳೆಯ ಅಂಚಿನಲ್ಲಿ ಹಾಗೆಯೇ ಬರೆದುಕೊಳ್ಳುತ್ತಾರೆ. "ಇದನ್ನ ಯಾಕೆ ಬರೀಲಿಲ್ಲ?"

"ಅದು ಸುಮ್ನೆ ಬಾಯಿಗೆ ಬಂತು."

"ಸುಮ್ನೆ ಬಾಯಿಗೆ ಬಂದಿದ್ದು ಪುಸ್ತಕಕ್ಕೆ ಹೋಗತ್ತೆ. ಕಷ್ಟಪಟ್ಟು ಬರೆದ ಚಾಕು ಮನೇಲಿರಲಿ, ತರಕಾರಿ ಹೆಚ್ಚೋಕಾಗತ್ತೆ."

ಇದೇ ಅವರ ಪದ್ಧತಿ. ಅಕ್ಕನ ಕೆಲಸ ಎಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವುದು, ಕರಡು ತಿದ್ದುವುದು, ಅಚ್ಚಿಗೆ ಕಳಿಸುವುದು. ಪ್ರಕಾಶಕರ ಬಾಗಿಲು ಬಡಿದು ಸುಸ್ತಾದವರು, ಬಡಿಯಲು ನಾಚಿದವರು ಇಲ್ಲಿಗೆ ಬರುತ್ತಾರೆ. ಯಾರೇ ಬರಲಿ, ತಾವು ಬರೆದದ್ದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅಕ್ಕನ ಎದುರು ಗಟ್ಟಿಯಾಗಿ ಓದಬೇಕು. ಓದದಿದ್ದರೆ ಪುಟ ಕಟ್ಟುವುದಿಲ್ಲ. ನಾಲಗೆ ತೊಡರಿದಲ್ಲಿ ಗುರುತು, ಹಾಳೆ ಬೇಗ ಮಗುಚಿದಲ್ಲಿ ಗುರುತು. ಓದುತ್ತ ಓದುತ್ತ ಕಾಗದ ಬಿಟ್ಟು ಬಾಯಿಮಾತಿಗೆ ಇಳಿದರೆ ಆ ಮಾತು ನೇರ ಪುಸ್ತಕದೊಳಕ್ಕೆ. ಊರಿನವರು ಅವರನ್ನು ಓದಿಸೋ ಅಕ್ಕ ಎನ್ನುವುದು ಅದಕ್ಕೇ.

ಹಿಂದೆ ಈ ಪದ್ಧತಿ ಇರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅಕ್ಕ ಅಚ್ಚಾದ ಹಾಳೆಗಳನ್ನು ಮಡಚುತ್ತಿದ್ದರು. ಆಮೇಲೆ ಸೀಸದ ಅಚ್ಚುಮೊಳೆ ಜೋಡಿಸುವುದು ಕಲಿತರು, ಮೊಳೆಗಳು ಗುಜರಿಯ ತೂಕಕ್ಕೆ ಹೋದ ಮೇಲೆ ಕಂಪ್ಯೂಟರು ಕಲಿತರು. ಆ ದಿನಗಳಲ್ಲಿ ಒಬ್ಬ ಹೊಲಿಗೆ ಟೀಚರು ಆಸೆಪಟ್ಟು ಒಂದು ಪುಸ್ತಕ ಮಾಡಿಸಿದರು. ಬಿಡುಗಡೆಯ ದಿನ ವೇದಿಕೆಯ ಮೇಲೆ ನಿಂತು ತಮ್ಮದೇ ಒಂದು ಪ್ಯಾರಾ ಓದಲು ಹೋಗಿ, ಮೂರನೆಯ ಸಾಲಿಗೆ ಎಡವಿದರು, ಮತ್ತೆ ಶುರು ಮಾಡಿದರು, ಮತ್ತೆ ಎಡವಿದರು. ಪುಸ್ತಕ ಮುಚ್ಚಿ ಕೂತವರು ಆಮೇಲೆ ಅದನ್ನು ಯಾರಿಗೂ ಕೊಡಲೇ ಇಲ್ಲ. "ಆ ಸಾಲು ಕಟ್ಟಿದ್ದು ನಾನು," ಎನ್ನುತ್ತಾರೆ ಅಕ್ಕ. "ಒಂದು ಸಲ ಕೂತು ಓದ್ಸಿದ್ರೆ ಅಲ್ಲೇ ಸರಿ ಹೋಗ್ತಿತ್ತು."

ಗೋಡೆಯ ಆಚೆ ಅವರ ಯಜಮಾನರ ಮಷಿನ್ ಕೋಣೆ. ಅಚ್ಚಿನ ಯಂತ್ರ ಒಂದು, ಕಾಗದ ಕತ್ತರಿಸುವ ಯಂತ್ರ ಒಂದು. ಅವು ಶುರುವಾದರೆ ಈಚೆಯ ಲೋಟದಲ್ಲಿನ ಚಹಾ ತಾನಾಗಿ ಕಲಕಿಕೊಳ್ಳುತ್ತದೆ. ಯಮ ಬಂದು ಕರೆದು, ಯಾರಿಗೂ ಕೇಳಿಸದೆ ವಾಪಸ್ ಹೋದದ್ದುಂಟು. ಓದಿಸುವ ಕೆಲಸವೆಲ್ಲ ಬೆಳಗಿನ ಜಾವವೇ ಮುಗಿಯಬೇಕಾದ್ದು ಇದರಿಂದ.

ಓದಿ ಮುಗಿಸಿದವರಿಗೆ ಅಕ್ಕನ ಬುದ್ಧಿಮಾತು ಪುಕ್ಕಟೆ. ಎಷ್ಟು ಪ್ರತಿ ಹಾಕಿಸಲಿ ಎಂದರೆ, "ಮನೆಗೆ ಹೋಗಿ ಮಂಚದಡಿ ಬಗ್ಗಿ ನೋಡ್ಕೊಂಡು ಬನ್ನಿ. ಅಲ್ಲಿ ಎಷ್ಟು ಹಿಡಿಯತ್ತೋ ಅಷ್ಟೇ. ಸಾಲದೇ ಬಂದ್ರೆ ಮತ್ತೆ ಹಾಕೋಣ, ಮಷಿನ್ ಎಲ್ಲೂ ಓಡಿಹೋಗಲ್ಲ." ದೊಡ್ಡವರ ಮುನ್ನುಡಿ ಬೇಕೆಂದು ವರ್ಷಗಟ್ಟಲೆ ಕಾಯುವವರಿಗೆ, "ಅವರು ಓದದೇ ಬರೀತಾರೆ, ಓದುಗರು ಅದನ್ನ ಓದದೇ ದಾಟ್ತಾರೆ. ಮಧ್ಯೆ ನಿಮ್ಮ ಆಯಸ್ಸು ಯಾಕೆ ಹಾಳು?" ನೆಂಟರಿಷ್ಟರಿಗೆಲ್ಲ ಹಂಚುತ್ತೇನೆ ಎನ್ನುವವರಿಗೆ, "ಹಂಚಬೇಡಿ. ಓದಿ ವಾಪಸ್ ಕೊಡಿ ಅಂತ ಹೇಳಿ ಕೊಡಿ. ವಾಪಸ್ ಕೊಡಬೇಕು ಅಂದ್ರೆ ಜನ ಓದ್ತಾರೆ. ಇಟ್ಕೊಳ್ಳಿ ಅಂದ್ರೆ ಇಟ್ಕೋತಾರೆ." ಬರೆದದ್ದು ಪ್ರಯೋಜನಕ್ಕಿಲ್ಲವೇನೋ ಎಂದು ಅರ್ಧಕ್ಕೆ ಎದ್ದು ನಿಂತವರಿಗೆ ಮಾತ್ರ ಏನೂ ಹೇಳುವುದಿಲ್ಲ. ಸ್ಟೂಲನ್ನು ಕಾಲಿನಿಂದ ತಮ್ಮ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ, ಅವರು ಮತ್ತೆ ಕೂರುತ್ತಾರೆ.

ಇಷ್ಟು ಹೊಗಳಿದ ಮೇಲೆ ಆ ಇರುವೆಯ ಕೆಮ್ಮನ್ನು ವಾಪಸ್ ತೆಗೆದುಕೊಳ್ಳಬೇಕಾಗಿದೆ. ಅಕ್ಕನಿಗೆ ಕಿವಿ ಕೇಳಿಸುವುದಿಲ್ಲ. ಅಷ್ಟು ವರ್ಷ ಗೋಡೆಯಾಚೆ ಗುಡುಗಿದ ಯಂತ್ರ ಮೊದಲು ಬಲಗಿವಿಯನ್ನು ತಿಂದಿತು, ಆಮೇಲೆ ಎಡಗಿವಿಯನ್ನೂ ಬಹುಪಾಲು ಮುಗಿಸಿತು. "ನಾನು ಹೇಳಿದ್ದು ಒಂದೂ ಇವಳ ಕಿವಿಗೆ ಬೀಳಲ್ಲ ಅಂತ ಮದುವೆಯಾದಾಗಿಂದ ಹೇಳ್ತಾನೇ ಇದ್ದೆ. ಡಾಕ್ಟ್ರಿಗೆ ಈಗ ಗೊತ್ತಾಯ್ತು," ಎಂದು ಯಜಮಾನರು ನಗಿಸಲು ನೋಡುತ್ತಾರೆ. ಹೇಳಿ ಮುಗಿಸಿ, ಯಂತ್ರದ ಕಡೆ ತಿರುಗಿ, ಒರೆಸಿದ್ದನ್ನೇ ಒರೆಸುತ್ತ ನಿಲ್ಲುತ್ತಾರೆ.

ಕಿವಿಗೆ ಹಾಕುವ ಯಂತ್ರ ತಂದದ್ದಾಯಿತು. ಅಕ್ಕ ಅದನ್ನು ಮೇಜಿನ ಡ್ರಾಯರಿನೊಳಗೆ ಇಟ್ಟರು. ಕೇಳುವುದೇ ಕೆಲಸವಾದವಳ ಕಿವಿಯಲ್ಲಿ ಯಂತ್ರ ಕಂಡರೆ ಓದಲು ಯಾರು ಬರುತ್ತಾರೆ ಎನ್ನುವುದು ಅವರ ಭಯ. ತುಟಿ ನೋಡಿ ಮಾತು ಹಿಡಿಯುವುದನ್ನು ತಾವೇ ಕಲಿತರು. ತೊಡರಿದ ನಾಲಗೆ ದವಡೆಯಲ್ಲಿ ಕಾಣುತ್ತದೆ, ಬೇಸರ ರೆಪ್ಪೆಯಲ್ಲಿ, ಅಳು ಗಂಟಲ ಗಂಟಿನಲ್ಲಿ. ಬಂದವರು ಯಾರಿಗೂ ಸಂಶಯ ಬರಲಿಲ್ಲ. "ಅಕ್ಕ ನಮ್ಮನ್ನ ಎಷ್ಟು ಗಮನ ಇಟ್ಟು ನೋಡ್ತಾರೆ, ಮನೇಲಿ ಯಾರೂ ಹಾಗೆ ನೋಡಲ್ಲ," ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಹಾಗಿರುವಾಗ ಡ್ರೈವರಣ್ಣ ಬಂದರು. ಆಯಸ್ಸೆಲ್ಲ ಆಂಬುಲೆನ್ಸ್ ಓಡಿಸಿ ನಿವೃತ್ತರಾದವರು. ತಮ್ಮ ಗಾಡಿಯಲ್ಲಿ ಮಲಗಿ ಬಂದವರ ಕಥೆಗಳನ್ನು ಬರೆದಿದ್ದರು. ದಾರಿಯಲ್ಲೇ ಹುಟ್ಟಿದ ಮಗು, ಗಾಡಿ ನಿಂತ ಮೇಲೂ ಇಳಿಯಲೊಲ್ಲದ ಮುದುಕ. ದಿನಾ ಬೆಳಿಗ್ಗೆ ಬಂದು, ಕುಡುಕನ ಕಥೆಗೆ ತಾವೇ ನಕ್ಕು, ಸೈರನ್ ಬಂದಲ್ಲಿ ಬಾಯಿಂದಲೇ ಸೈರನ್ ಹಾಕಿ ಓದಿದರು. ಕೊನೆಯ ಅಧ್ಯಾಯ ಅವರ ಹೆಂಡತಿಯದು. ಅವಳನ್ನು ಮಲಗಿಸಿಕೊಂಡು ಹೋದದ್ದೂ ಅದೇ ಗಾಡಿಯಲ್ಲಿ, ಓಡಿಸಿದವರೂ ಇವರೇ. ಡ್ರೈವರಿನ ಬೆನ್ನ ಹಿಂದೆ ಒಂದು ಸಣ್ಣ ಕಿಟಕಿ ಇರುತ್ತದೆ. ಆ ಕಿಟಕಿಯಿಂದ ಅವಳು ಏನೋ ಅಂದಳು. ಕಾಗದದಲ್ಲಿ ಇಷ್ಟೇ ಇತ್ತು: ‘ಅವಳು ಕರೆದಳು. ನಾನು ರಸ್ತೆ ನೋಡುತ್ತಿದ್ದೆ.’

ಅಷ್ಟು ಓದಿದವರು ಕಾಗದ ಕೆಳಗಿಟ್ಟರು. ಅಂಗೈಯಿಂದ ಮುಖ ಒರೆಸಿಕೊಳ್ಳುತ್ತ, ಆ ಕೈಯ ಹಿಂದಿನಿಂದಲೇ, ಕಾಗದದಲ್ಲಿ ಇಲ್ಲದ ಏನನ್ನೋ ಹೇಳಿದರು. ಸಣ್ಣ ಮಾತು, ಒಂದೇ ಉಸಿರಿನದು. ಅಕ್ಕನಿಗೆ ಭುಜ ಅಲುಗಿದ್ದು ಕಾಣಿಸಿತು, ತುಟಿ ಕಾಣಲಿಲ್ಲ. ಇನ್ನೊಂದು ಸಲ ಹೇಳಿ ಅಣ್ಣ ಎನ್ನುವುದು ನಾಲಗೆಯ ತುದಿವರೆಗೆ ಬಂತು. ಹಾಗೆ ಕೇಳಿದರೆ ಗುಟ್ಟು ರಟ್ಟು. ಅಕ್ಕ ಕೇಳಿಸಿದವರ ಹಾಗೆ ತಲೆ ಆಡಿಸಿದರು.

ಆ ಅಧ್ಯಾಯದ ಕರಡನ್ನು ಡ್ರೈವರಣ್ಣ ನೋಡಲಿಲ್ಲ. "ಅದೊಂದು ನೀವೇ ನೋಡ್ಬಿಡಿ ಅಕ್ಕ," ಎಂದರು. ಪುಸ್ತಕ ಅಚ್ಚಾಗಿ, ಹೊಲಿದು, ಅಂಟು ಆರಿದ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ನಿಂತಲ್ಲೇ ಕೊನೆಯ ಪುಟಗಳನ್ನು ತೆರೆದರು. ಓದಿದರು. ಹಿಂದಿನ ಪುಟಕ್ಕೆ ಹೋದರು. ಮತ್ತೆ ಮುಂದಿನದಕ್ಕೆ ಬಂದರು.

"ಅದು ಎಲ್ಲಿದೆ ಅಕ್ಕ?"

"ಯಾವುದಣ್ಣ?"

"ಅವತ್ತು ಹೇಳಿದ್ನಲ್ಲ. ನೀವು ತಲೆ ಆಡಿಸಿದ್ರಲ್ಲ."

ಅಕ್ಕ ಮೇಜಿನ ಡ್ರಾಯರ್ ಎಳೆದು, ಕಿವಿಗೆ ಹಾಕುವ ಯಂತ್ರವನ್ನು ತೆಗೆದು ಅವರ ಮುಂದೆ ಇಟ್ಟರು. ಬಂದವರೊಬ್ಬರಿಗೆ ಅವರು ಅದನ್ನು ತೋರಿಸಿದ್ದು ಅದೇ ಮೊದಲು.

ಮುಂದೆ ನಡೆದದ್ದು ಎಂಥವರ ಕರುಳನ್ನೂ ತಂಪು ಮಾಡುವಂಥದು. ಡ್ರೈವರಣ್ಣ ಅದನ್ನು ನೋಡಿ ಬಿದ್ದುಬಿದ್ದು ನಕ್ಕರು, ಅಷ್ಟೇ ಅಲ್ಲವೇ ಅಕ್ಕ ಎಂದು ಆ ಮಾತನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದರು, ಅಕ್ಕ ಬರೆದುಕೊಂಡರು, ಯಜಮಾನರು ಆಗಲೇ ಯಂತ್ರ ಓಡಿಸಿ ಹೊಸ ಪುಟ ಅಚ್ಚು ಹಾಕಿ ಅಂಟಿಸಿದರು, ಅಂದಿನಿಂದ ಡ್ರೈವರಣ್ಣ ದಿನಾ ಬೆಳಿಗ್ಗೆ ಬಂದು ಅಕ್ಕನ ಪಕ್ಕದಲ್ಲಿ ಕೂತು ಅವರ ಕಿವಿಯಾಗಿದ್ದಾರೆ.

ಈ ಲೇಖನಕ್ಕೂ ಅಕ್ಕನ ಪದ್ಧತಿ ತಪ್ಪಲಿಲ್ಲ. ತಮ್ಮ ಬಗ್ಗೆ ಬರೆದದ್ದಾದರೂ ಬರೆದವರೇ ಎದುರು ಕೂತು ಗಟ್ಟಿಯಾಗಿ ಓದಬೇಕು. ಇಲ್ಲಿಯವರೆಗೆ ಓದಿದಾಗ ಪೆನ್ಸಿಲ್ ಮೇಲೆದ್ದಿತು.

"ಇಲ್ಲಿ ಉಸಿರೇ ತಗೊಳ್ಳಲಿಲ್ಲ ನೀವು," ಎಂದರು ಅಕ್ಕ. ಈಗ ಅವರ ಕಿವಿಯಲ್ಲಿ ಯಂತ್ರವಿದೆ, ಬಂದವರಿಗೆಲ್ಲ ತಾವೇ ಮೊದಲು ಹೇಳಿಬಿಡುತ್ತಾರೆ. ಕೆಲವರು ಬರುವುದು ಬಿಟ್ಟಿದ್ದಾರೆ, ಕೆಲವರು ಬರುತ್ತಾರೆ. "ಅಲ್ಲೀತನಕ ನಿಧಾನಕ್ಕೆ ಓದಿ, ಇಲ್ಲಿ ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ ಓಡಿದ್ರಿ. ಸೂರ್ಯ ಗೀರ್ಯ ಎಲ್ಲ ಇರಲಿ, ಅದನ್ನ ಯಾರೂ ನಂಬಲ್ಲ. ಇದನ್ನ ನಂಬ್ತಾರೆ. ಅದಕ್ಕೇ ತೆಗೀರಿ."

ಸಿಕ್ಕಿಬಿದ್ದ ಮೇಲೆ ಮುಚ್ಚಿಡುವುದಕ್ಕೇನಿದೆ. ಬರೆದ ಕೈಗೆ ಅವರಿಬ್ಬರನ್ನು ಹಾಗೆ ಬಿಟ್ಟು ಎದ್ದುಬರುವ ಮನಸ್ಸಾಗಲಿಲ್ಲ, ಅದಕ್ಕೆ ಆ ನಗು, ಆ ಹೊಸ ಪುಟ ಎಲ್ಲ ಕಟ್ಟಿ ಹೇಳಿದ್ದು. ಡ್ರೈವರಣ್ಣ ನಗಲಿಲ್ಲ. ಬೈಯಲೂ ಇಲ್ಲ. ಸ್ಟೂಲಿನ ಮೇಲೆ ಕೂತು ಆ ಸಣ್ಣ ಯಂತ್ರವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಅಕ್ಕ ಕೇಳಿಯೇ ಕೇಳಿದರು, "ಇನ್ನೊಂದ್ಸಲ ಹೇಳ್ತೀರಾ ಅಣ್ಣ, ಈಗ ಹಾಕೊಂಡಿದೀನಿ." ಅವರು ಬಾಯಿ ತೆರೆದರು. ಗಂಟಲ ಗಂಟು ಮೇಲೆ ಹೋಗಿ ಅಲ್ಲೇ ನಿಂತಿತು. ಬಾಯಿ ಮುಚ್ಚಿದರು.

"ಯಾರಿಗೂ ಹೇಳಿರ್ಲಿಲ್ಲ ಅಕ್ಕ ಅದನ್ನ, ಮಕ್ಕಳಿಗೂ," ಎಂದರು. "ಒಬ್ಬರಿಗೆ ಹೇಳಿದೀನಿ ಅಂತ ಇಷ್ಟು ದಿನ ಸಮಾಧಾನವಾಗಿದ್ದೆ."

ಪುಸ್ತಕದ ಕಟ್ಟುಗಳನ್ನು ಒಂದೊಂದಾಗಿ, ಅಡಿಯಲ್ಲಿ ಕೈಯಿಟ್ಟು, ಎಲ್ಲೂ ಕುಲುಕದಂತೆ ಎತ್ತಿ ಆಟೋದಲ್ಲಿ ಇಟ್ಟುಕೊಂಡು ಹೋದರು. ಆಮೇಲೆ ಬಂದಿಲ್ಲ.

"ಹಾಗಾದರೆ ಆ ಜಾಗದಲ್ಲಿ ಏನು ಬರೆಯುವುದು ಅಕ್ಕ?"

ಅಕ್ಕ ಪೆನ್ಸಿಲಿನ ತುದಿಯನ್ನು ಬೆರಳಿಗೆ ಒತ್ತಿ ನೋಡಿಕೊಳ್ಳುತ್ತಾರೆ. ಗೋಡೆಯಾಚೆ ಯಂತ್ರ ಶುರುವಾಗಿದೆ, ಅವರ ದನಿ ತಾನಾಗಿ ಏರುತ್ತದೆ.

"ಬಂದಿಲ್ಲ ಅಂತಾನೇ ಬರೀರಿ. ಬಂದ್ರೆ ನಾನೇನೂ ಕೇಳಲ್ಲ ಅಂತಾನೂ ಬರೀರಿ. ಬಾಯಿ ಕಾಣೋ ಕಡೆ ಕೂತಿರ್ತೀನಿ, ಅಷ್ಟೇ."