ಮಾತು ಮುಟ್ಟಿಸುವವನು

ಅಂಗೈಯಗಲದ ಕಾರ್ಡಿನ ಮೇಲೊಂದು ಸೇವಂತಿಗೆ ಅಚ್ಚಾಗಿತ್ತು. ಒಳಗೆ ಬರೀ ಬಿಳಿ. ಡಫಳಾಪುರದ ನಾವು ನಾಲ್ಕಾರು ಗೆಳತಿಯರು ಸೇರಿ ಸುತ್ತಲಿನ ಹಿರಿಯರಿಗೆ ಚಳಿಗಾಲಕ್ಕೆಂದು ಉಣ್ಣೆಯ ಟೊಪ್ಪಿಗೆ ಹೆಣೆದಿದ್ದೆವು. ಒಂದೊಂದರ ಜೊತೆಗೂ ಒಂದೊಂದು ಶುಭಾಶಯ. ನನ್ನ ಪಾಲಿಗೆ ಬಂದ ಚೀಟಿಯಲ್ಲಿ ಹೆಸರೇ ಇರಲಿಲ್ಲ. ಅಜ್ಜ, ಎಂಬತ್ತೇಳು ವರ್ಷ, ಮಾಡಗ್ಯಾಳದ ಕುರಿಗಾರರ ವಸ್ತಿ. ಅಷ್ಟೇ.

ಕಾಣದ ಮುಖಕ್ಕೆ ಏನೆಂದು ಬರೆಯುವುದು, ನೀವೇ ಹೇಳಿ. ದೀರ್ಘಾಯುಷ್ಯ ಕೋರೋಣವೆಂದರೆ ಆತ ನನ್ನ ಕೋರಿಕೆಯ ಹಂಗಿಲ್ಲದೆಯೇ ಎಂಬತ್ತೇಳನ್ನು ಮುಟ್ಟಿದ್ದಾನೆ. ಕೊನೆಗೆ ಬರೆದೆ: “ಪ್ರೀತಿಯ ಅಜ್ಜಾ, ನಿಮ್ಮನ್ನು ನಾನು ಕಂಡಿಲ್ಲ. ಆದರೂ ನೀವು ಬೆಚ್ಚಗಿರಲೆಂದು ಈ ಟೊಪ್ಪಿಗೆ ಹೆಣೆದೆವು.” ತಿರುಗಿ ಓದಿದರೆ ಪೊಳ್ಳೆನಿಸಿತು.

ಕೊಡಲು ನಾನೇ ಹೋದೆ. ಅಜ್ಜ ಬೇವಿನ ನೆರಳಲ್ಲಿ ಕುಳಿತಿದ್ದ. ಕಣ್ಣು ಪೂರಾ ಮಂಜಾಗಿದ್ದವು. “ಮಾವಾರ, ಡಫಳಾಪುರದಿಂದ ಅಕ್ಕಾರು ಬಂದಾರ,” ಎಂದಳು ಸೊಸೆ.

“ಬರ್ರಿ, ಕುಂದ್ರಿ.”

ಟೊಪ್ಪಿಗೆ ಕೈಗಿತ್ತು, “ಯಾರೋ ನಿಮಗ ಎರಡು ಮಾತು ಬರದಾರ್ರಿ,” ಎಂದೆ. ನಾನೇ ಬರೆದದ್ದೆನ್ನಲು ನಾಚಿಕೆ. ಓದುವಾಗ ‘ಆದರೂ’ ಎಂಬಲ್ಲಿ ತಡವರಿಸಿ ಎರಡು ಸಲ ಅಂದೆ. ಅಜ್ಜ ಟೊಪ್ಪಿಗೆಯನ್ನು ತಲೆಗೇರಿಸಿಕೊಂಡ. ಆಮೇಲೆ ಇಡೀ ಬರಹವನ್ನು ಒಂದಕ್ಷರ ತಪ್ಪದೆ, ನನ್ನ ತಡವರಿಕೆಯನ್ನೂ ಬಿಡದೆ, ನನಗೇ ತಿರುಗಿ ಒಪ್ಪಿಸಿದ.

ಸೊಸೆ ನಕ್ಕಳು. “ಅವರ ಕೆಲಸನ ಅದಾಗಿತ್ರಿ. ಮೊದಲೆಲ್ಲಾ ಗಂಡಸರು ಕುರಿ ಹೊಡಕೊಂಡು ತಿಂಗಳಾನಗಟ್ಟಲೆ ದೂರ ಹೋಗ್ತಿದ್ರು. ಅವರ ಮಾತು ಮನಿಗೆ, ಮನಿ ಮಾತು ಅವರಿಗೆ, ಇವರು ನಡಕೊಂಡು ಹೋಗಿ ಮುಟ್ಟಸ್ತಿದ್ರು.”

“ಎಲ್ಲಾ ಮುಟ್ಟಸೀರೇನ್ರಿ ಅಜ್ಜಾರ?” ಎಂದೆ, ತಮಾಷೆಗೆ.

ಅವನ ಮುಖದ ನಗೆ ಆರಿತು. “ಒಂದು ಉಳದೈತ್ರಿ, ಒಬ್ಬಾವ ಮನಿಯಾಕಿಗೆ ಹೇಳಿ ಕಳಿಸಿದ್ದು. ನಾ ಬರೂದರಾಗ ಆ ಹೆಣ್ಮಗಳು ತೀರಿಕೊಂಡಿದ್ಲು, ಈಗ ಅವನೂ ಇಲ್ಲ. ಸವದು ಹೋಗಬಾರದಂತ ದಿನಾ ಮುಂಜಾನೆ ಒಮ್ಮಿ ಮನಸ್ಸಿನ್ಯಾಗ ಅಂದುಕೋತೀನಿ.”

“ಏನಂತ್ರಿ ಅದು?”

“ಅದು ನಿಮ್ಮದಲ್ರಿ.”

ಹೇಳಿ ಕಳಿಸಿದವನೂ ಇಂದಿಲ್ಲ, ಕೇಳಬೇಕಾದವಳೂ ಇಲ್ಲ; ನಡುವೆ ಈ ಮುದುಕ, ತನ್ನದಲ್ಲದ ನಾಲ್ಕು ಮಾತುಗಳನ್ನು ಒಂದು ಜನ್ಮದುದ್ದಕ್ಕೂ ಬಾಯಿ ಬಿಡದೆ, ಮರೆಯದೆ ಕಾಯ್ದುಕೊಂಡು ಬಂದಿದ್ದಾನೆ. ಬರೆದದ್ದನ್ನು ಕಾಗದಕ್ಕೊಪ್ಪಿಸಿ ಆ ಕ್ಷಣವೇ ಮರೆತುಬಿಡುವ ನನಗೆ ಅವನೆದುರು ಕುಳಿತಿರಲೂ ಸಂಕೋಚವಾಯಿತು.

ಹೊರಟಾಗ ಅಜ್ಜ ತಡೆದ. “ಬರೆದವರಿಗೆ ನನ್ನ ಮಾತು ಒಯ್ರಿ. ನಿಮ್ಮ ಮಾತು ಮುಟ್ಟೇತಿ. ನಾ ಚಲೋ ಅದೀನಿ. ಚಳಿ ಭಾಳ ಐತಿ, ನೀವೂ ತಲಿ ಮುಚ್ಚಿಕೊಂಡು ಅಡ್ಡಾಡ್ರಿ. ಹಾಂ, ಈಗ ಅನ್ರಿ ನೋಡೂಣು.”

ಅಂದೆ. ‘ಅಡ್ಡಾಡ್ರಿ’ ಎನ್ನುವಲ್ಲಿ ‘ಇರ್ರಿ’ ಎಂದುಬಿಟ್ಟೆ. ತಿದ್ದಿದ. ಎರಡನೆಯ ಸಲ ‘ಭಾಳ’ ಬಿಟ್ಟುಹೋಯಿತು. ಮೂರನೆಯ ಸಲಕ್ಕೆ ತಲೆಯಾಡಿಸಿ, “ಈಗ ಹೋಗ್ರಿ,” ಎಂದ.

ಬಸ್ಸಿನಲ್ಲಿ ಪಕ್ಕದಾಕೆ ಯಾವೂರೆಂದು ಕೇಳಿದಳು. ನಕ್ಕು ಸುಮ್ಮನಾದೆ. ಬೇರೆ ಮಾತು ಬೆರೆತುಬಿಟ್ಟೀತೆಂದು, ಮನೆ ಮುಟ್ಟುವ ತನಕ ಯಾರೊಂದಿಗೂ ತುಟಿ ಬಿಚ್ಚಲಿಲ್ಲ.